ಪರೇಲಿನ ಹಳೆಯ ಬಂಗಲೆ, ಹಾಫ್‌ಕಿನ್ ಎಂಬ ಹೆಸರು

ಮುಂಬಯಿಯ ಪರೇಲಿನಲ್ಲಿ ಕೆ.ಇ.ಎಂ. ಮತ್ತು ಟಾಟಾ ಆಸ್ಪತ್ರೆಗಳ ಜನಜಂಗುಳಿಯನ್ನು ದಾಟಿ ಆಚಾರ್ಯ ದೋಂದೆ ಮಾರ್ಗದಲ್ಲಿ ಬಂದರೆ, ಹಳೆಯ ಮರಗಳ ನೆರಳಿನಲ್ಲಿ ನಮ್ಮ ಸಂಸ್ಥೆ ಇದೆ. ‘ಹಾಫ್‌ಕಿನ್ ಇನ್‌ಸ್ಟಿಟ್ಯೂಟ್’ ಎಂಬ ಹೆಸರು ಇದಕ್ಕೆ ಬಂದದ್ದು 1925ರಲ್ಲಿ. ಆ ಹೆಸರಿಗೆ 2025ಕ್ಕೆ ನೂರು ವರ್ಷ ತುಂಬಿದ ಸಂತೋಷದಲ್ಲಿ, ಇಲ್ಲಿ ದುಡಿದು ನಿವೃತ್ತರಾದ ಮತ್ತು ಇನ್ನೂ ದುಡಿಯುತ್ತಿರುವ ಕನ್ನಡ ನೌಕರರಾದ ನಾವು ಈ ಸಂಚಿಕೆಯನ್ನು ಹೊರತರುತ್ತಿದ್ದೇವೆ. ನಮ್ಮಲ್ಲಿ ವಿಜ್ಞಾನಿಗಳು ಕೆಲವರು. ಸೀಸೆ ತೊಳೆದವರು, ಕುದುರೆ ನೋಡಿಕೊಂಡವರು, ಶೈತ್ಯಕೋಣೆಯ ಲೆಕ್ಕ ಬರೆದವರೇ ಹೆಚ್ಚು. ಸಂಸ್ಥೆಯ ಚರಿತ್ರೆಯನ್ನು ಒಂದೆಡೆ ಬರೆದಿಡುವ ಹೊಣೆಯನ್ನು ಬಳಗದ ಹಿರಿಯರು ನನಗೆ ವಹಿಸಿದ್ದಾರೆ. ಅವರೆಲ್ಲರ ಪರವಾಗಿ ಈ ಮಾತುಗಳು.

ಕಥೆ ಆರಂಭವಾಗುವುದು ಕಟ್ಟಡದಿಂದಲ್ಲ, ಭಯದಿಂದ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿ ಬಂದರಿನ ಬಳಿಯ ಮಾಂಡವಿಯಲ್ಲಿ, ಧಾನ್ಯದ ಗೋದಾಮುಗಳ ನಡುವೆ ಜನ ಜ್ವರ ಬಂದು, ತೊಡೆಸಂದಿಯಲ್ಲಿ ಗಡ್ಡೆ ಎದ್ದು ಸಾಯತೊಡಗಿದರು. ಇದು ಪ್ಲೇಗು ಎಂದು ಮೊದಲು ಗುರುತಿಸಿ ಹೇಳಿದವರು ಡಾ. ಅಕಾಸಿಯೊ ವಿಯೆಗಸ್. ಕೆಲವೇ ತಿಂಗಳಲ್ಲಿ ಊರಿನ ಅರ್ಧದಷ್ಟು ಜನ ಗಂಟುಮೂಟೆ ಕಟ್ಟಿ ಹೊರಟುಹೋದರು. ಅವರ ಜೊತೆಗೆ ರೈಲಿನಲ್ಲಿ ರೋಗವೂ ಹೊರಟಿತು. ಆಗ ಸರ್ಕಾರ ಕರೆಸಿದ್ದು ಕಲ್ಕತ್ತೆಯಲ್ಲಿ ಕಾಲರಾ ಲಸಿಕೆ ಹಾಕುತ್ತಿದ್ದ ವಾಲ್ಡೆಮಾರ್ ಮೊರ್ಡೆಕೈ ಹಾಫ್‌ಕಿನ್ ಅವರನ್ನು.

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯದ ಯೆಹೂದಿ ಕುಟುಂಬದಲ್ಲಿ. ಒಡೆಸ್ಸಾದಲ್ಲಿ ಮೆಚ್ನಿಕೋವ್ ಅವರ ಶಿಷ್ಯರಾಗಿ ಓದಿದರು. ಯೆಹೂದಿಯಾದ ಕಾರಣಕ್ಕೆ ಸ್ವದೇಶದಲ್ಲಿ ಮೇಲೇರುವ ದಾರಿ ಮುಚ್ಚಿತ್ತು. ಹಾಗಾಗಿ ಜಿನೀವಾಕ್ಕೆ, ಅಲ್ಲಿಂದ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಗೆ ಹೋದರು. ಅಲ್ಲಿ ಮೊದಲು ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ 1892ರ ಜುಲೈ 18ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದು, ಕಲ್ಕತ್ತೆಯ ಬಸ್ತಿಗಳಲ್ಲಿ, ಉತ್ತರ ಭಾರತದ ದಂಡು ಪ್ರದೇಶಗಳಲ್ಲಿ, ಅಸ್ಸಾಮಿನ ಚಹಾ ತೋಟಗಳಲ್ಲಿ ಎರಡೂವರೆ ವರ್ಷದೊಳಗೆ ನಲವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದರು. ಮಲೇರಿಯಾ ಹಿಡಿದು ಜೀವ ಸೊರಗಿತು. ವಾಸಿಮಾಡಿಕೊಂಡು ಮತ್ತೆ ಬಂದರು.

ಅಂಥವರಿಗೆ ಮುಂಬಯಿಯಲ್ಲಿ ಸಿಕ್ಕಿದ್ದೇನು? ಗ್ರಾಂಟ್ ಮೆಡಿಕಲ್ ಕಾಲೇಜಿನ ಪೆಟಿಟ್ ಪ್ರಯೋಗಾಲಯದಲ್ಲಿ ಒಂದು ಕೋಣೆ, ಅದರ ಮುಂದಿನ ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. 1896ರ ಅಕ್ಟೋಬರಿನ ಆ ದಿನಗಳನ್ನೇ ನಮ್ಮ ಸಂಸ್ಥೆಯ ಹುಟ್ಟು ಎಂದು ನಾವು ಲೆಕ್ಕ ಹಿಡಿಯುತ್ತೇವೆ. ಮೂರು ತಿಂಗಳಲ್ಲಿ ಅಲ್ಲಿ ಪ್ಲೇಗಿನ ಲಸಿಕೆ ತಯಾರಾಯಿತು.

ಆ ಲಸಿಕೆ ತಯಾರಾದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಈ ಸಂಸ್ಥೆಯ ಗುಣವೆಲ್ಲ ಅದರೊಳಗೇ ಇದೆ ಎಂದು ನಾನು ನಂಬಿದ್ದೇನೆ. ರೋಗಾಣುಗಳನ್ನು ಬೆಳೆಸಲು ಮಾಂಸದ ಸಾರು ಬೇಕು. ಯುರೋಪಿನಲ್ಲಿ ಅದಕ್ಕೆ ದನದ ಮಾಂಸ ಬಳಸುತ್ತಿದ್ದರು. ಹಾಗೆ ಮಾಡಿದ ಔಷಧಿಯನ್ನು ಇಲ್ಲಿನ ಹಿಂದೂಗಳು ಮುಟ್ಟುವುದಿಲ್ಲ, ಹಂದಿಯದಾದರೆ ಮುಸಲ್ಮಾನರು ಮುಟ್ಟುವುದಿಲ್ಲ ಎಂಬುದನ್ನು ಹಾಫ್‌ಕಿನ್ ಅರಿತಿದ್ದರು. ಆದ್ದರಿಂದ ಆಡಿನ ಮಾಂಸವನ್ನು ಆಮ್ಲದಲ್ಲಿ ಕರಗಿಸಿ ಸಾರು ಮಾಡಿಸಿದರು. ಅದರ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರು. ನಮ್ಮ ಅಡುಗೆಮನೆಯ ತುಪ್ಪವೇ. ಕೆಲವೊಮ್ಮೆ ತೆಂಗಿನೆಣ್ಣೆ. ಸೀಸೆಯನ್ನು ಅಲುಗಾಡಿಸದೆ ಇಟ್ಟರೆ ಪ್ಲೇಗಿನ ರೋಗಾಣುಗಳು ಆ ಹನಿಗಳ ಅಡಿಗೆ ಅಂಟಿಕೊಂಡು, ಗುಹೆಯ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೋಡುಗಳ ಹಾಗೆ ಕೆಳಮುಖವಾಗಿ ಬೆಳೆಯುತ್ತಿದ್ದವು. ಸೀಸೆಯಲ್ಲಿರುವುದು ಪ್ಲೇಗಿನ ಅಣುವೇ, ಬೇರೆ ಯಾವುದೂ ಸೇರಿಲ್ಲ ಎಂದು ಗುರುತಿಸುವುದಕ್ಕೂ ಈ ಬೆಳವಣಿಗೆಯೇ ಸಾಕ್ಷಿ. ಆಗಾಗ ಸೀಸೆಯನ್ನು ಅಲ್ಲಾಡಿಸಿದರೆ ಕೋಡುಗಳು ಉದುರಿ ತಳ ಸೇರುತ್ತವೆ, ಮೇಲೆ ಹೊಸವು ಹುಟ್ಟುತ್ತವೆ. ಹೀಗೆ ನಾಲ್ಕಾರು ವಾರ ಬೆಳೆಸಿ, 65 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಅಣುಗಳನ್ನು ಕೊಂದು, ಕಾರ್ಬೋಲಿಕ್ ಆಮ್ಲ ಬೆರೆಸಿದರೆ ಲಸಿಕೆ ಸಿದ್ಧ.

ಆಡಿನ ಮಾಂಸ, ತುಪ್ಪ, ಬೆಂಕಿ, ಸೀಸೆ. ಇವುಗಳಲ್ಲಿ ಮುಂಬಯಿಯ ಪೇಟೆಯಲ್ಲಿ ಸಿಗದ ವಸ್ತು ಯಾವುದಿತ್ತು? ಬಡವರಿಗೆ ಎಟಕುವ ಬೆಲೆಗೆ ಲಸಿಕೆ ಕೊಡುವುದು ಹೇಗೆಂದು ಇಂದು ಜಗತ್ತಿನ ದೊಡ್ಡ ದೊಡ್ಡ ಸಭೆಗಳಲ್ಲಿ ಚರ್ಚೆ ನಡೆಯುತ್ತದೆ. ಹಾಫ್‌ಕಿನ್ ಅದನ್ನು ಕೊನೆಗೆ ಸೇರಿಸುವ ದಾನವೆಂದು ಎಣಿಸಲಿಲ್ಲ. ರೋಗ ಇರುವ ಊರಿನಲ್ಲೇ, ಆ ಊರಿನ ಪದಾರ್ಥಗಳಿಂದಲೇ, ಆ ಜನ ಒಪ್ಪುವ ರೀತಿಯಲ್ಲೇ ಮಾಡಬೇಕು ಎಂಬುದನ್ನು ಮೊದಲ ದಿನವೇ ಸಾರಿನ ಪಾತ್ರೆಯೊಳಗೆ ಹಾಕಿಬಿಟ್ಟರು.

1897ರ ಜನವರಿ 10ರಂದು ಅವರು ಈ ಲಸಿಕೆಯನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು. ಮುಂದೆ ಜನರಿಗೆ ಕೊಟ್ಟ ಪ್ರಮಾಣಕ್ಕಿಂತ ಅದು ಹೆಚ್ಚು. ಜ್ವರ ಬಂತು, ನೋವು ಬಂತು, ಇಳಿಯಿತು. ತಿಂಗಳ ಕೊನೆಗೆ ಭಾಯಖಳಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಾಗ, ಒಪ್ಪಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ರೋಗ ತಗುಲಿ 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ರೋಗ ತಗುಲಿದ್ದು ಇಬ್ಬರಿಗೆ, ಇಬ್ಬರೂ ಬದುಕಿದರು. ಸುದ್ದಿ ಊರಿನಲ್ಲಿ ಹಬ್ಬಿತು.

ಈ ಘಟ್ಟದಲ್ಲಿ ನೆನೆಯಲೇಬೇಕಾದ ಮಹನೀಯರು ಸರ್ ಸುಲ್ತಾನ್ ಮಹಮದ್ ಶಾ, ಮೂರನೆಯ ಆಗಾ ಖಾನ್. ಆಗ ಅವರಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಸೂಜಿಯೆಂದರೆ ಹೌಹಾರುತ್ತಿದ್ದ ತಮ್ಮ ಖೋಜಾ ಸಮುದಾಯದ ಎದುರಿನಲ್ಲಿ ತಾವೇ ತೋಳು ಚಾಚಿ ಲಸಿಕೆ ಹಾಕಿಸಿಕೊಂಡರು. ಅವರನ್ನು ನೋಡಿ ಸಾವಿರಾರು ಜನ ಮುಂದೆ ಬಂದರು. ಇಕ್ಕಟ್ಟಿನಲ್ಲಿದ್ದ ಪ್ರಯೋಗಾಲಯಕ್ಕೆ ತಮ್ಮ ‘ಖುಶ್ರು ಲಾಡ್ಜ್’ ಬಂಗಲೆಯನ್ನು ಬಿಟ್ಟುಕೊಟ್ಟರು. ಅವರಿಗೆ ನಮ್ಮ ಸಂಸ್ಥೆ ಸದಾ ಋಣಿ.

ಕನ್ನಡಿಗರಾದ ನಮಗೆ ಎದೆತುಂಬಿ ಬರುವ ಅಧ್ಯಾಯ ಇದರ ನಂತರದ್ದು. ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. 1898ರಲ್ಲಿ ಪ್ಲೇಗು ಹುಬ್ಬಳ್ಳಿಗೆ ಬಂತು. ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವ ಪದ್ಧತಿ ನಮ್ಮ ಹಿರಿಯರಿಗೆ ರೂಢಿಯಾದದ್ದು ಆ ವರ್ಷಗಳಲ್ಲೇ. ನಮ್ಮ ಅಜ್ಜಿ ತನ್ನ ಅತ್ತೆಯಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದಳು: ಒಲೆಯ ಮೇಲಿನ ಗಡಿಗೆಯನ್ನು ಇಳಿಸದೆ ಹೋದವರು, ಹೊತ್ತವರೇ ಮರುದಿನ ಹೊರಿಸಿಕೊಂಡದ್ದು. ಆ ಹುಬ್ಬಳ್ಳಿಗೆ ಮುಂಬಯಿಯಿಂದ ರೈಲಿನಲ್ಲಿ ಹಾಫ್‌ಕಿನ್ ಸೀಸೆಗಳು ಬಂದವು. ಡಾ. ಲ್ಯೂಮನ್ ಎಂಬ ವೈದ್ಯಾಧಿಕಾರಿ ಮುಂದೆ ನಿಂತು ಮುಂಗಾರಿನ ತಿಂಗಳುಗಳಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿದ ಜನಕ್ಕೆ ಲಸಿಕೆ ಹಾಕಿದರು. ಬಹುಮಂದಿಗೆ ಎರಡೆರಡು ಸಲ. ಮಗ್ಗದವರು, ಗಿರಣಿಯವರು, ರೈಲ್ವೆಯವರು, ಪೇಟೆಯ ವರ್ತಕರು, ಎಲ್ಲ ಜಾತಿಯವರೂ ಸಾಲಿನಲ್ಲಿ ನಿಂತರು. ಹಾಕಿಸಿಕೊಂಡವರು ಎಷ್ಟು, ಹಾಕಿಸಿಕೊಳ್ಳದವರು ಎಷ್ಟು, ಎರಡೂ ಕಡೆ ಸತ್ತವರು ಎಷ್ಟು ಎಂದು ಲ್ಯೂಮನ್ ವಾರವಾರವೂ ಲೆಕ್ಕ ಬರೆದಿಟ್ಟರು. ಒಂದು ಇಡೀ ಪಟ್ಟಣವನ್ನು ಲಸಿಕೆಯಿಂದ ಕಾಯಲು ಸಾಧ್ಯ ಎಂಬುದಕ್ಕೆ ಜಗತ್ತಿನ ಎದುರು ಹಾಫ್‌ಕಿನ್ ಮುಂದಿಟ್ಟ ಬಲವಾದ ಸಾಕ್ಷ್ಯಗಳಲ್ಲಿ ಹುಬ್ಬಳ್ಳಿಯ ಆ ಲೆಕ್ಕವೂ ಒಂದು. ಅದೇ ವರ್ಷ ಪ್ಲೇಗು ಬೆಂಗಳೂರನ್ನೂ ಹೊಕ್ಕಿತು. ಬಸವನಗುಡಿ, ಮಲ್ಲೇಶ್ವರಗಳು ಅಗಲ ಬೀದಿಗಳ ಬಡಾವಣೆಗಳಾಗಿ ಬೆಳೆದ ಹಿನ್ನೆಲೆಯೂ, ಊರೂರುಗಳ ಪ್ಲೇಗಮ್ಮನ ಗುಡಿಗಳ ಹಿನ್ನೆಲೆಯೂ ಆ ಕಾಲವೇ.

1899ರ ಆಗಸ್ಟ್ 10ರಂದು ಸಂಸ್ಥೆ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂದು ನೆಲೆನಿಂತಿತು. ಉದ್ಘಾಟಿಸಿದವರು ಗವರ್ನರ್ ಲಾರ್ಡ್ ಸ್ಯಾಂಡ್‌ಹರ್ಸ್ಟ್. ಕಟ್ಟಡಕ್ಕೆ ಅದಕ್ಕೂ ಹಳೆಯ ಚರಿತ್ರೆಯಿದೆ. ಪೋರ್ಚುಗೀಸರ ಕಾಲದಲ್ಲಿ ಅದು ಕ್ರೈಸ್ತ ಪಾದ್ರಿಗಳ ಪ್ರಾರ್ಥನಾ ಮಂದಿರ. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಗವರ್ನರುಗಳ ನಿವಾಸ. 1882ರಲ್ಲಿ ಗವರ್ನರ್ ಫರ್ಗ್ಯುಸನ್ ಅವರ ಪತ್ನಿ ಅಲ್ಲೇ ಕಾಲರಾದಿಂದ ತೀರಿಕೊಂಡರು. ಬಳಿಕ ಗವರ್ನರರು ಮಲಬಾರ್ ಪಾಯಿಂಟಿಗೆ ವಾಸ ಬದಲಿಸಿದರು. ಕಾಲರಾ ಬರಿದುಮಾಡಿದ ಆ ಮನೆಗೆ ಕಾಲರಾ ಲಸಿಕೆಯ ಕರ್ತೃವೇ ಬಂದು, ಔತಣದ ಹಜಾರದಲ್ಲಿ ಸೀಸೆಗಳನ್ನು ಸಾಲಾಗಿ ಜೋಡಿಸಿದರು.

ಹೀಗೆ ಏರುಮುಖವಾಗಿ ಸಾಗುತ್ತಿದ್ದಾಗಲೇ ಸಂಸ್ಥೆಯ ಮೇಲೆ ಬರಸಿಡಿಲು ಎರಗಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಗಿತ್ತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ತೀರಿಕೊಂಡರು. ಹತ್ತೊಂಬತ್ತು ಮಂದಿಗೂ ಒಂದೇ ಸೀಸೆಯಿಂದ ಲಸಿಕೆ ಹಾಕಿತ್ತು. ದೋಷ ಮುಂಬಯಿಯ ಪ್ರಯೋಗಾಲಯದ್ದೇ ಎಂದು ತನಿಖೆ ಬೆರಳು ತೋರಿತು. ಹಾಫ್‌ಕಿನ್ ಹುದ್ದೆಯಿಂದ ಕೆಳಗಿಳಿಯಬೇಕಾಯಿತು. ಆದರೆ ಮುಲ್ಕೋವಾಲಿನಲ್ಲೇ ಸೀಸೆ ತೆರೆಯುವಾಗ ಇಕ್ಕಳ ನೆಲಕ್ಕೆ ಬಿದ್ದದ್ದು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಿದ್ದು ನಿಧಾನವಾಗಿ ಬೆಳಕಿಗೆ ಬಂತು. ಮಲೇರಿಯಾ ಸೊಳ್ಳೆಯ ರಹಸ್ಯ ಬಿಡಿಸಿದ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದು ನ್ಯಾಯ ಕೇಳಿದರು. ಕಳಂಕ ತೊಳೆಯಿತು, ಆದರೆ ಐದು ವರ್ಷ ಕಳೆದುಹೋಗಿತ್ತು. ಹಾಫ್‌ಕಿನ್ ಕಲ್ಕತ್ತೆಗೆ ಕೆಲಸಕ್ಕೆ ಮರಳಿದರೇ ಹೊರತು, ತಾವು ಕಟ್ಟಿದ ಪರೇಲಿನ ಈ ಮನೆಯ ಯಜಮಾನಿಕೆ ಮತ್ತೆ ಅವರ ಪಾಲಿಗೆ ಬರಲಿಲ್ಲ. ಸೀಸೆಯ ಬಿರಟೆ ತೆಗೆಯುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ನಮ್ಮಂಥವರಿಗೆ ಮುಲ್ಕೋವಾಲ್ ಬರಿಯ ಚರಿತ್ರೆಯಲ್ಲ. ಕೈ ತೊಳೆಯುವಾಗಲೆಲ್ಲ ಮನಸ್ಸಿಗೆ ಬರುವ ಹೆಸರು.

ಸ್ಥಾಪಕರು ಹೋದರೂ ಕೆಲಸ ನಿಲ್ಲಲಿಲ್ಲ. ಕ್ಯಾಪ್ಟನ್ ಗ್ಲೆನ್ ಲಿಸ್ಟನ್ ಇಲ್ಲಿ ಕುಳಿತು ಇಲಿಗಳ ಚಿಗಟಗಳನ್ನು ಆರಿಸಿ ನೋಡಿದರು. 1905ರಲ್ಲಿ ಪರೇಲಿನಲ್ಲೇ ಕೆಲಸ ಆರಂಭಿಸಿದ ಪ್ಲೇಗ್ ಸಂಶೋಧನಾ ಆಯೋಗ, ರೋಗವನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟವೇ ಎಂದು ಪ್ರಯೋಗಗಳಿಂದ ಸ್ಥಾಪಿಸಿತು. 1906ರಲ್ಲಿ ಸಂಸ್ಥೆಗೆ ‘ಬಾಂಬೆ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ’ ಎಂದು ಹೆಸರಾಯಿತು. 1897ರಿಂದ 1925ರವರೆಗೆ ಮುಂಬಯಿಯಿಂದ ಹೊರಟ ಪ್ಲೇಗ್ ಲಸಿಕೆ 2.6 ಕೋಟಿ ಡೋಸು. ಅದೇ 1925ರಲ್ಲಿ ಅಂದಿನ ನಿರ್ದೇಶಕ ಕರ್ನಲ್ ಮ್ಯಾಕಿ ಅವರ ಸಲಹೆಯಂತೆ ಸಂಸ್ಥೆಗೆ ಸ್ಥಾಪಕರ ಹೆಸರಿಡಲಾಯಿತು. ಹಾಫ್‌ಕಿನ್ ಆಗ ಯುರೋಪಿನಲ್ಲಿ ಬದುಕಿದ್ದರು. ತಮ್ಮ ಹೆಸರು ಪರೇಲಿನ ಬಾಗಿಲ ಮೇಲೆ ಬಂದದ್ದನ್ನು ತಿಳಿದ ಮೇಲೆಯೇ, 1930ರ ಅಕ್ಟೋಬರಿನಲ್ಲಿ, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕಣ್ಣು ಮುಚ್ಚಿದರು. ತಡವಾಗಿಯಾದರೂ ಆ ಗೌರವ ಅವರ ಜೀವಿತದಲ್ಲೇ ಸಂದಿತು ಎಂಬುದು ನಮಗೆಲ್ಲ ಸಮಾಧಾನ. 1964ರಲ್ಲಿ ಭಾರತ ಸರ್ಕಾರ ಅವರ ಸ್ಮರಣೆಗೆ ಅಂಚೆಚೀಟಿ ಹೊರಡಿಸಿತು.

1928ರಲ್ಲಿ ಇಂಗ್ಲೆಂಡಿನಿಂದ ಬಂದ ಡಾ. ಲೂಸಿ ವಿಲ್ಸ್ ಅವರನ್ನೂ ಇಲ್ಲಿ ಸ್ಮರಿಸಬೇಕು. ಅವರದು ಲಸಿಕೆಯ ಕೆಲಸವಲ್ಲ. ಆದರೂ ಈ ಮನೆಯ ಗುಣವೇ ಅವರಲ್ಲೂ ಇತ್ತು. ಮುಂಬಯಿಯ ಬಟ್ಟೆ ಗಿರಣಿಗಳ ಬಡ ಬಸುರಿಯರು ರಕ್ತಹೀನತೆಯಿಂದ ಸೊರಗಿ ಸಾಯುವುದನ್ನು ಕಂಡು, ಅಗ್ಗವಾಗಿ ಸಿಗುವ ಯೀಸ್ಟಿನ ಸಾರ ‘ಮಾರ್ಮೈಟ್’ ಕೊಟ್ಟು ಗುಣಪಡಿಸಿದರು. ಅದರೊಳಗಿದ್ದ ವಸ್ತು ಮುಂದೆ ಫೋಲಿಕ್ ಆಮ್ಲವೆಂದು ಗುರುತಾಯಿತು. ಇಂದು ನಮ್ಮ ಹಳ್ಳಿಯ ಆಶಾ ಕಾರ್ಯಕರ್ತೆಯರು ಬಸುರಿಯರ ಕೈಗೆ ಹಾಕುವ ಕೆಂಪು ಗುಳಿಗೆಯ ಮೂಲ ಎಳೆಗಳಲ್ಲೊಂದು ಪರೇಲಿನಲ್ಲಿದೆ.

1932ರಲ್ಲಿ ಕರ್ನಲ್ ಸಾಹಿಬ್ ಸಿಂಗ್ ಸೋಖಿ ನಿರ್ದೇಶಕರಾದರು. ಈ ಪೀಠದಲ್ಲಿ ಕುಳಿತ ಮೊದಲ ಭಾರತೀಯರು. ಹಾಫ್‌ಕಿನ್ ಬೀಜ ಬಿತ್ತಿದರೆ ಸೋಖಿ ಹೊಲ ಮಾಡಿದರು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಲಿನ ಕೇಸೀನಿನಿಂದ ಮಾಡಿದ ಮಾಧ್ಯಮದಲ್ಲಿ ಪ್ಲೇಗಿನ ಅಣು ಬೆಳೆಸಿ, ಮೊದಲಿಗಿಂತ ಹದವಾದ, ಎಲ್ಲ ಸೀಸೆಯಲ್ಲೂ ಒಂದೇ ಬಲದ ಲಸಿಕೆಯನ್ನು ತಂದರು. ಅವರ ಕಾಲದಲ್ಲಿ ಇಲ್ಲಿನ ರಸಾಯನಶಾಸ್ತ್ರಜ್ಞರು ಸಲ್ಫಾ ಔಷಧಿಗಳನ್ನು ತಯಾರಿಸಿ, ಪ್ಲೇಗು ಬಂದವರಿಗೆ ಕೊಟ್ಟು ಜೀವ ಉಳಿಸಿದರು. ಸೋಖಿಯವರ ವಾದ ಒಂದೇ: ಔಷಧಿಯನ್ನು ಹೊರಗಿನಿಂದ ತರಿಸುವ ದೇಶದಲ್ಲಿ ಬಡವನಿಗೆ ಔಷಧಿ ಇಲ್ಲ. ನಾವೇ ಮಾಡಬೇಕು, ಸಾರ್ವಜನಿಕ ಹಣದಲ್ಲಿ ಮಾಡಬೇಕು, ಲಾಭಕ್ಕಲ್ಲದೆ ಮಾಡಬೇಕು. ಸ್ವಾತಂತ್ರ್ಯಪೂರ್ವದ ರಾಷ್ಟ್ರೀಯ ಯೋಜನಾ ಸಮಿತಿಯ ಆರೋಗ್ಯ ಉಪಸಮಿತಿಗೆ ಅಧ್ಯಕ್ಷರಾಗಿ ಅವರು ಈ ಮಾತನ್ನು ದೇಶದ ಮುಂದಿಟ್ಟರು. ಪರೇಲಿನಿಂದ ಹೊರಟವರು ವಿಶ್ವ ಆರೋಗ್ಯ ಸಂಸ್ಥೆಯ ಸಹಾಯಕ ಮಹಾನಿರ್ದೇಶಕರಾದರು, ಆಮೇಲೆ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು.

1959ರಲ್ಲಿ ಡಾ. ಎನ್. ಕೆ. ದತ್ತ ಮತ್ತು ಸಂಗಡಿಗರು ಮೊಲದ ಮರಿಗಳ ಮೇಲೆ ಪ್ರಯೋಗ ಮಾಡಿ, ಕಾಲರಾದ ವಾಂತಿಭೇದಿಗೆ ಕಾರಣ ಅಣು ಉಗುಳುವ ವಿಷ ಎಂದು ತೋರಿಸಿದರು. ಕಲ್ಕತ್ತೆಯಲ್ಲಿ ಶಂಭುನಾಥ್ ಡೇ ಅವರೂ ಅದೇ ವರ್ಷ ಬೇರೊಂದು ದಾರಿಯಿಂದ ಅದೇ ನಿಜವನ್ನು ಮುಟ್ಟಿದ್ದರು. ಬಡದೇಶಗಳ ರೋಗವನ್ನು ಬಡದೇಶದ ವಿಜ್ಞಾನಿಗಳೇ ಬಿಡಿಸಿ ನೋಡಿದ ದಿನಗಳವು.

ಹಾವಿನ ವಿಷಕ್ಕೆ ಪ್ರತಿವಿಷ ಮಾಡುವ ವಿಭಾಗದ ಬಗ್ಗೆ ಬರೆದರೆ ಅದೇ ಒಂದು ಸಂಚಿಕೆಯಾದೀತು. ನಾಗರ, ಕಟ್ಟುಹಾವು, ಮಂಡಲದ ಹಾವು, ಗರಗಸ ಮಂಡಲ, ಈ ನಾಲ್ಕರ ವಿಷವನ್ನು ಕುದುರೆಗಳಿಗೆ ಸ್ವಲ್ಪ ಸ್ವಲ್ಪವೇ ಕೊಟ್ಟು, ಅವುಗಳ ರಕ್ತದಿಂದ ಒಂದೇ ಸೀಸೆಯ ಮದ್ದು ತೆಗೆಯುವ ಕೆಲಸ. ಹೊಲದಲ್ಲಿ ಕತ್ತಲೆಯಲ್ಲಿ ನೀರು ಹಾಯಿಸುವ ರೈತನಿಗೆ ಕಚ್ಚಿದ್ದು ಯಾವ ಹಾವೆಂದು ಹೇಗೆ ಗೊತ್ತಾಗಬೇಕು? ಆದ್ದರಿಂದ ನಾಲ್ಕಕ್ಕೂ ಒಂದೇ ಮದ್ದು. ನಮ್ಮ ಕುದುರೆಗಳಲ್ಲಿ ಪುಣೆಯ ಪೂನಾವಾಲಾ ಕುಟುಂಬದ ಕುದುರೆ ಫಾರಮ್ಮಿನಿಂದ ಬಂದವೂ ಇದ್ದವು. ಓಟದಿಂದ ನಿವೃತ್ತವಾದ ಕುದುರೆಗಳನ್ನು ಅವರು ಇಲ್ಲಿಗೆ ಕೊಡುತ್ತಿದ್ದರು. ಕುದುರೆಯ ರಕ್ತದಿಂದ ಮದ್ದು ತೆಗೆಯುವ ಅದೇ ಯೋಚನೆಯ ಎಳೆ ಹಿಡಿದು ಡಾ. ಸೈರಸ್ ಪೂನಾವಾಲಾ 1966ರಲ್ಲಿ ಪುಣೆಯಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ಅದು ಇಂದು ಆಫ್ರಿಕಾ, ಏಷ್ಯಾದ ಬಡದೇಶಗಳಿಗೆ ಕಡಿಮೆ ಬೆಲೆಗೆ ಲಸಿಕೆ ಕಳಿಸುವ, ಡೋಸುಗಳ ಲೆಕ್ಕದಲ್ಲಿ ಜಗತ್ತಿನ ಅತಿದೊಡ್ಡ ತಯಾರಕ ಸಂಸ್ಥೆ. ಮೆದುಳುಪೊರೆಯ ಉರಿಯೂತದಿಂದ ನರಳುತ್ತಿದ್ದ ಆಫ್ರಿಕಾದ ನಾಡುಗಳಿಗೆಂದೇ ಅಲ್ಲಿ ತಯಾರಾದ ‘ಮೆನ್‌ಆಫ್ರಿವ್ಯಾಕ್’ ಲಸಿಕೆ 2010ರಲ್ಲಿ ಬಳಕೆಗೆ ಬಂದಾಗ ಅದರ ಬೆಲೆ ಡೋಸಿಗೆ ಅರ್ಧ ಡಾಲರಿನ ಆಸುಪಾಸು. ನಮ್ಮ ಮನೆಯ ಅಂಗಳದ ಮಣ್ಣು ಅಷ್ಟು ದೂರ ಹೋಗಿ ಫಲ ಕೊಟ್ಟದ್ದಕ್ಕೆ ನಾವು ಹೆಮ್ಮೆಪಟ್ಟರೆ ತಪ್ಪಲ್ಲ.

1975ರಲ್ಲಿ ಸಂಸ್ಥೆ ಎರಡು ಕವಲಾಯಿತು. ಸಂಶೋಧನೆ, ತರಬೇತಿ, ಪರೀಕ್ಷೆಗಳು ಹಾಫ್‌ಕಿನ್ ಇನ್‌ಸ್ಟಿಟ್ಯೂಟಿನಲ್ಲಿ ಉಳಿದವು. ತಯಾರಿಕೆ ‘ಹಾಫ್‌ಕಿನ್ ಬಯೋ-ಫಾರ್ಮಾಸ್ಯುಟಿಕಲ್ ಕಾರ್ಪೊರೇಷನ್’ ಎಂಬ ಮಹಾರಾಷ್ಟ್ರ ಸರ್ಕಾರದ ಕಂಪನಿಗೆ ಹೋಯಿತು. ಒಂದೇ ಆವರಣ, ಒಂದೇ ಕ್ಯಾಂಟೀನು. ನೌಕರರಾದ ನಮಗೆ ಅದು ಕೊನೆಯವರೆಗೂ ಒಂದೇ ಮನೆ.

ಆ ತಯಾರಿಕೆಯ ಶಿಖರ ಪೋಲಿಯೊ ಹನಿ. ಗಾಢ ರೂಪದ ಲಸಿಕೆಯನ್ನು ತರಿಸಿಕೊಂಡು, ಹದಕ್ಕೆ ತೆಳುಮಾಡಿ, ಪರೀಕ್ಷಿಸಿ, ಪುಟ್ಟ ಸೀಸೆಗಳಿಗೆ ತುಂಬಿ, ಹಿಮದ ಪೆಟ್ಟಿಗೆಯಲ್ಲಿಟ್ಟು ಕಳಿಸುವುದು ನಮ್ಮ ಕೆಲಸ. ಹೇಳಲು ನಾಲ್ಕು ಮಾತು. ತಂಪು ಒಂದು ಗಳಿಗೆ ತಪ್ಪಿದರೂ ಇಡೀ ತಂಡದ ಸೀಸೆಗಳು ಕೆಟ್ಟವೆಂದೇ ಲೆಕ್ಕ. 1995ರಲ್ಲಿ ಪಲ್ಸ್ ಪೋಲಿಯೊ ದೇಶವ್ಯಾಪಿಯಾಗಿ ಆರಂಭವಾದ ಮೇಲೆ ಹಗಲು ರಾತ್ರಿಯ ಪಾಳಿ. ಪೋಲಿಯೊ ಭಾನುವಾರಕ್ಕೆ ಮುಂಚಿನ ವಾರಗಳಲ್ಲಿ ಹಬ್ಬಕ್ಕೆ ಊರಿಗೆ ಹೋಗುವ ಮಾತೇ ಇರಲಿಲ್ಲ. ಹೆಂಡತಿ ಮಕ್ಕಳು ಗದುಗಿನಲ್ಲೋ ಬಾಗಲಕೋಟೆಯಲ್ಲೋ ಬೂತಿನ ಮುಂದೆ ಸಾಲುನಿಂತು, ಮಗುವಿನ ಬಾಯಿಗೆ ಎರಡು ಹನಿ ಹಾಕಿಸಿ, ಕಿರುಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದು ಫೋನು ಮಾಡುತ್ತಿದ್ದರು: ಸೀಸೆಯ ಮೇಲೆ ನಿಮ್ಮ ಪರೇಲಿನ ಹೆಸರು ಇತ್ತು ಎಂದು. ಅದಕ್ಕಿಂತ ದೊಡ್ಡ ಬೋನಸ್ಸು ನಮಗೆ ಯಾವ ದೀಪಾವಳಿಯಲ್ಲೂ ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಪಡೆದ ಆ ಸೀಸೆಗಳು ಯುನಿಸೆಫ್ ಮೂಲಕ ಹೊರದೇಶಗಳಿಗೂ ಹೋದವು.

2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡದ್ದೇ ದೇಶದ ಕೊನೆಯ ಪೋಲಿಯೊ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಸುದ್ದಿ ಬಂದಾಗ ನಾವು ಮಧ್ಯಾಹ್ನದ ಪಾಳಿಯಲ್ಲಿದ್ದೆವು. ಹಿರಿಯರೊಬ್ಬರು ಪೇಢೆಯ ಡಬ್ಬಿ ತಂದಿದ್ದರು. ತುಂಬುವ ಕೋಣೆಯೊಳಗೆ ತಿನ್ನುವಂತಿಲ್ಲವಾದ್ದರಿಂದ ಅದನ್ನು ಹೊರಗೆ ಬೆಂಚಿನ ಮೇಲಿಟ್ಟೆವು. ಗಡಿಯಾಚೆಯ ದೇಶಗಳಲ್ಲಿ ಪೋಲಿಯೊ ಇನ್ನೂ ಉಳಿದಿತ್ತು. ಕೈ ತೊಳೆದು, ಗವಸು ತೊಟ್ಟು, ಮುಂದಿನ ತಂಡದ ಸೀಸೆಗಳಿಗೆ ಕುಳಿತೆವು.